ಹುಳ ಹಣ್ಣಾಗಿದೆ

ಶಿಡ್ಲಘಟ್ಟದ ಹತ್ತಿರದ ಹಳ್ಳಿ ಹೈಸ್ಕೂಲಿಗೆ ನಾನು ಇಂಗ್ಲಿಷ್ ಟೀಚರಾಗಿ ಬಂದ ಮೊದಲ ವರ್ಷ. ಒಂಬತ್ತನೇ ತರಗತಿಗೆ ಸಿಂಪಲ್ ಪಾಸ್ಟ್, ಪ್ರೆಸೆಂಟ್ ಪರ್ಫೆಕ್ಟ್ ಎಂಬ ಎರಡು ಕಾಲಗಳನ್ನೂ ನಾಲ್ಕು ದಿನ ಹೇಳಿಕೊಟ್ಟಿದ್ದೆ. ಮಕ್ಕಳು ಬರೆದುಕೊಂಡರು, ಒಬ್ಬರ ತಲೆಗೂ ಹೋಗಲಿಲ್ಲ. ನನಗೂ ನಿಯಮ ಬಾಯಿಪಾಠವಾಗಿತ್ತು, ಅಷ್ಟೇ.

ಐದನೇ ದಿನ ಬೆಳಿಗ್ಗೆ ಹುಡುಗಿಯೊಬ್ಬಳು ರಜೆ ಚೀಟಿ ತಂದಳು. ‘ಅವರ್ ಸಿಲ್ಕ್‌ವರ್ಮ್ಸ್ ರೈಪನ್ಡ್’ ಎಂದು ಒಂದೇ ಸಾಲು.

“ಹಣ್ಣಾದವು ಅಂತ ಬರೆದಿದ್ದೀಯಲ್ಲಮ್ಮ. ಮುಗಿದುಹೋದ ಮೇಲೆ ರಜೆ ಯಾಕೆ?” ಎಂದೆ.

“ಮುಗ್ದಿಲ್ಲ ಮಿಸ್, ಹಣ್ಣಾಗವೆ. ಈಗ್ಲೇ ಹೋಗ್ಬೇಕು.”

ನಾನು ಗೌರಿಬಿದನೂರಿನ ಪೇಟೆಯಲ್ಲಿ ಬೆಳೆದವಳು, ರೇಷ್ಮೆ ಸಾಕಿದ ಮನೆ ಕಂಡವಳಲ್ಲ. ಊಟದ ಬೆಲ್ ಆದ ಮೇಲೇ ಅವಳನ್ನು ಮನೆಗೆ ಬಿಟ್ಟೆ. ಅಲ್ಲಿಯವರೆಗೆ ಅವಳು ಕಣ್ಣು ತುಂಬಿಕೊಂಡು ಕಿಟಕಿಯನ್ನೇ ನೋಡುತ್ತಿದ್ದಳು. ಆ ಮುಖ ಮನಸ್ಸಿನಿಂದ ಹೋಗದೆ, ಸಂಜೆ ಅವರ ಮನೆಗೇ ಹೋದೆ.

ಸಾಕಣೆ ಕೋಣೆಯಲ್ಲಿ ನಸುಗತ್ತಲು. ನಾಲ್ಕೈದು ಜನ ಬಗ್ಗಿ ಹುಳು ಆರಿಸುತ್ತಿದ್ದರು. ಹಸಿ ಸೊಪ್ಪಿನ ವಾಸನೆ ನಿದ್ದೆಯ ಹಾಗೆ ಕವಿದಿತ್ತು. ತಟ್ಟೆಗಳಲ್ಲಿ ಹುಳುಗಳು ಮೇವು ಬಿಟ್ಟು, ತಲೆಯೆತ್ತಿ, ಕಾಣದ ಯಾವುದನ್ನೋ ಹುಡುಕುವಂತೆ ಮೆಲ್ಲಗೆ ತೂಗುತ್ತಿದ್ದವು. ಮೈಯೆಲ್ಲ ತಿಳಿಹಳದಿ, ಒಳಗೆ ಯಾರೋ ದೀಪ ಹಚ್ಚಿಟ್ಟಂತೆ.

“ಇಟ್ಲ ರಾಮ್ಮಾ,” ಎಂದು ಅವಳ ಅಜ್ಜಿ ತೆಲುಗಿನಲ್ಲಿ ಹತ್ತಿರ ಕರೆದು, ಒಂದು ಹುಳುವನ್ನು ನನ್ನ ಅಂಗೈಗೆ ಬಿಟ್ಟರು. ಅದು ತಣ್ಣಗೆ ಹರಿದು, ನನ್ನ ಎರಡು ಬೆರಳುಗಳ ನಡುವೆ ಒಂದು ಎಳೆ ಬಿಟ್ಟಿತು. ಉಸಿರಾಡಲೂ ಅಂಜಿಕೆಯಾಯಿತು.

“ನಿನ್ನೆ ಸೊಪ್ಪು ತಿಂದ್ವು. ಇವತ್ತು ಹಣ್ಣಾಗವೆ. ತಡ ಮಾಡಿದ್ರೆ ನೂಲೆಲ್ಲ ತಟ್ಟೆಗೇ ಹೋಯ್ತದೆ. ನೀನೂ ಕೈ ಹಾಕಮ್ಮ,” ಎಂದರು ಅಜ್ಜಿ.

ಒಂದು ಮೂಲೆಯ ತಟ್ಟೆಯಲ್ಲಿ ಆಗಲೇ ನೂಲು ಬಲೆಬಲೆಯಾಗಿ ಹರಡಿ ಹಾಳಾಗಿತ್ತು. ಮಧ್ಯಾಹ್ನದವರೆಗೆ ಆರಿಸುವ ಕೈ ಒಂದು ಕಡಿಮೆಯಿತ್ತು. ಕಡಿಮೆ ಮಾಡಿದವಳು ನಾನು. ನಾನು ಸೆರಗು ಸಿಕ್ಕಿಸಿಕೊಂಡು ಹುಡುಗಿಯ ಪಕ್ಕ ಕೂತು, ಹಣ್ಣಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಾ ಹೋದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಅವಳು ಶಾಲೆಗೆ ಬಂದಾಗ ಎಲ್ಲರ ಮುಂದೆ, “ಅವತ್ತು ತಪ್ಪು ನಂದೇ ಕಣಮ್ಮ,” ಎಂದೆ. ಆಮೇಲೆ, ಆ ಎರಡು ಕಾಲಗಳಿಗೂ ಏನು ವ್ಯತ್ಯಾಸ ಎಂದು ಅವಳನ್ನೇ ಕೇಳಿದೆ.

ನಾಚಿಕೊಂಡು ಎದ್ದು ನಿಂತಳು. “ಹಣ್ಣಾದ್ವು ಅಂದ್ರೆ ಕತೆ ಹೇಳ್ತಾ ಇದೀವಿ ಅಂತ ಮಿಸ್. ಹಣ್ಣಾಗವೆ ಅಂದ್ರೆ, ಏಳು, ಕೆಲ್ಸ ಐತೆ ಅಂತ.”

ಸೀಮೆಸುಣ್ಣ ಅವಳ ಕೈಗೆ ಕೊಟ್ಟು ನಾನು ಹಿಂದಿನ ಬೆಂಚಿಗೆ ಹೋಗಿ ಕುಳಿತೆ.