ಅಮ್ಮ ಎಂಬ ಒಂದೇ ಫೈಲು

ಪಕ್ಕದ ಮನೆಯಾತನನ್ನು ನಾನು ಮೂರು ತಿಂಗಳು ಡಾಕ್ಟರೆಂದೇ ನಂಬಿದ್ದೆ. ತಪ್ಪು ನನ್ನದಲ್ಲ, ನಡುವಿನ ಗೋಡೆಯದು. ಆಚೆ ಆಡಿದ್ದೆಲ್ಲ ಈಚೆ ಕೇಳುತ್ತದೆ. “ಇಲ್ಲಮ್ಮಾ, ಇನ್ನು ಬರಲ್ಲ. ಎಲ್ಲ ಪ್ರಯತ್ನ ಮಾಡಿ ಆಯ್ತು. ಸಮಾಧಾನ ಮಾಡ್ಕೊಳ್ಳಿ,” ಎಂದು ಆತ ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹೇಳುತ್ತಿದ್ದ. ಎಂಥ ಆಸ್ಪತ್ರೆಯಪ್ಪ ಇದು, ಒಬ್ಬರೂ ಉಳಿಯುವುದಿಲ್ಲವಲ್ಲ ಎಂದು ದಿಗಿಲಾದರೂ, ಬಿಟ್ಟಿ ಡಾಕ್ಟರು ಯಾರಿಗೆ ಬೇಡ? ಒಂದು ಭಾನುವಾರ ಮಧ್ಯಾಹ್ನ ಮಂಡಿನೋವು ಹೊತ್ತುಕೊಂಡು ಹೋದೆ.

“ನಾನು ಕಂಪ್ಯೂಟರ್‌ನೋನು ಸಾರ್,” ಎಂದ. “ಹೋಗಿರೋದು ಜನ ಅಲ್ಲ, ಜನರ ಫೋಟೋ.”

ನಲವತ್ತರ ಆಸುಪಾಸಿನ ಒಂಟಿ ಮನುಷ್ಯ. ಬಾಗಿಲ ಹಿಂದೆ ಎರಡು ಕೊಡೆ, ಮೊಳೆಯಲ್ಲಿ ಬೀಗದ ಕೈ ಎರಡು ಜೊತೆ, ಕಪಾಟಿನಲ್ಲಿ ಎರಡು ಟಾರ್ಚು. ಒಂದು ಕಳೆದರೆ ಇನ್ನೊಂದಿರಲಿ ಎನ್ನುವ ಜಾತಿ. ಕುರ್ಚಿ ಮಾತ್ರ ಒಂದೇ. ಅದನ್ನು ನನಗೆ ಕೊಟ್ಟು, ತಾನು ಮಂಚದ ಅಂಚಿನಲ್ಲಿ ಕೂತು ಕತೆ ಹೇಳಿದ.

ಊರಿನ ವಸ್ತುಸಂಗ್ರಹಾಲಯಕ್ಕೆ ಒಂದು ವೆಬ್‌ಸೈಟು. ಮನೆಯ ಹಳೆಯ ಫೋಟೋಗಳನ್ನು ಜನ ಅಪ್‌ಲೋಡ್ ಮಾಡಬೇಕು, ಬೇಕೆಂದಾಗ ಡೌನ್‌ಲೋಡ್ ಮಾಡಿಕೊಳ್ಳಬೇಕು. ಕಟ್ಟಿದವನು ಈತ. ಬಂದ ಪ್ರತಿ ಫೈಲಿನ ಹೆಸರು ತೆಗೆದು, ಇನ್ನೊಂದಕ್ಕಿಲ್ಲದ ನಂಬರು ಕೊಟ್ಟು ಇಡುತ್ತಿದ್ದ. ಉದ್ಘಾಟನೆಗೆ ಮುಂಚೆಯೇ ಫೋಟೋಗಳು ಬರತೊಡಗಿದ್ದವು; ಮೊದಲ ವಾರವೇ ಅವನ ಅಕ್ಕ ತಾಯಿಯ ಫೋಟೋ ಕಳಿಸಿದಳು. ತಾಯಿಯದೆಂದು ಇದ್ದದ್ದು ಅದೊಂದೇ. ಕಟ್ಟು ಹಾಕಿಸಿದ್ದನ್ನು ಗೋಡೆಯ ತೇವ ತಿಂದಿತ್ತು. ಪೂರ್ತಿ ಹಾಳಾಗುವ ಮುಂಚೆ ಫೋನಿನಲ್ಲಿ ತೆಗೆದಿಟ್ಟಿದ್ದಳು.

ಉದ್ಘಾಟನೆಗೆ ಎರಡು ದಿನವಿದ್ದಾಗ ಸಂಗ್ರಹಾಲಯದ ಡೈರೆಕ್ಟರು ಫೈಲುಗಳ ಪಟ್ಟಿ ನೋಡಿದರು. ಲೋಟ ನೀರು ಕೇಳುವಾಗಲೂ ಸಭೆಯನ್ನು ಉದ್ದೇಶಿಸಿ ಕೇಳುವ ಮಹನೀಯರು.

“ಏನಯ್ಯಾ ಇದು? ಜನ ಪ್ರೀತಿಯಿಂದ ‘ಅಮ್ಮ’ ಅಂತ ಹೆಸರಿಟ್ಟು ಕಳಿಸಿದ್ರೆ ನೀನು ನಂಬರ್ ಹಾಕಿದೀಯಾ? ಅಮ್ಮ ಏನು ಕೈದಿಯಾ?”

“ಎಲ್ಲರೂ ಅಮ್ಮ ಅಂತಲೇ ಇಡ್ತಾರೆ ಸಾರ್. ಒಂದೇ ಹೆಸರಲ್ಲಿ ಎರಡು ಬಂದ್ರೆ ಹಳೇದನ್ನ ಅಳಿಸಿ ಹೊಸದು ಕೂತ್ಕೊಳ್ಳತ್ತೆ. ಒಬ್ಬೊಬ್ಬರದು ಬೇರೆ ಬೇರೆ ಕಡೆ ಇಡೋಕೆ ಒಂದು ವಾರ ಕೊಡಿ.”

“ಅವರವರ ಅಮ್ಮ ಅವರವರಿಗೆ. ಕಲಸಿಹೋಗೋಕೆ ಅದೇನು ಹಿಟ್ಟಾ? ಹೇಳಿದಷ್ಟು ಮಾಡು.”

ಹೇಳಿದಷ್ಟು ಮಾಡಿದ. ಒಂದೇ ಸಲಕ್ಕೆ ಎಲ್ಲ ಫೈಲಿಗೂ ಹಳೆಯ ಹೆಸರು ವಾಪಸು ಬಂತು. ಅವುಗಳಲ್ಲಿ ಅಕ್ಕನದೂ ಒಂದಿದೆಯೆಂಬುದು, ಬೈಸಿಕೊಂಡು ಬಂದ ಆ ಗಳಿಗೆಯಲ್ಲಿ ತಲೆಗೆ ಹೊಳೆಯಲಿಲ್ಲ.

ನಾಲ್ಕು ತಿಂಗಳು ಯಾರೂ ಡೌನ್‌ಲೋಡ್ ಮಾಡಲಿಲ್ಲ. ಭದ್ರವಾಗಿದೆ ಎಂದುಕೊಂಡ ವಸ್ತುವನ್ನು ಯಾರು ತೆರೆದು ನೋಡುತ್ತಾರೆ? ಮೊದಲ ದೂರು ಬಂದ ದಿನವೇ ಈತ ಅಪ್‌ಲೋಡ್ ನಿಲ್ಲಿಸಿ ಹುಡುಕಿದ. ಪ್ರತಿದಿನ ತೆಗೆಯುವ ನಕಲುಗಳನ್ನು ಏಳು ದಿನ ಮಾತ್ರ ಇಡುತ್ತಿದ್ದರು, ಅದರಲ್ಲೂ ಇರಲಿಲ್ಲ. ಸಾವಿರದ ಚಿಲ್ಲರೆ ಜನ ‘ಅಮ್ಮ’ ಎಂದು ಕಳಿಸಿದ್ದರು. ಉಳಿದಿದ್ದದ್ದು ಒಂದೇ ಅಮ್ಮ, ಕೊನೆಗೆ ಬಂದಾಕೆ. ಜನರಿಗೆ ಫೋನಿನಲ್ಲಿ ಉತ್ತರ ಹೇಳುವ ಕೆಲಸವೂ ಈತನ ಪಾಲಿಗೇ ಬಂತು. ಅಕ್ಕನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ಅಷ್ಟು ಹೇಳುವಷ್ಟರಲ್ಲಿ ಫೋನು ಬಂತು. ಅಕ್ಕನದೇ. ಆಕೆಯ ಗಂಟಲಿಗೆ ಸ್ಪೀಕರ್ ಬೇಕಿರಲಿಲ್ಲ.

“ಲೋ ಪುಟ್ಟಾ, ಕಟ್ಟು ಹಾಕ್ಸೋಣ ಅಂತ ಅಮ್ಮನ ಫೋಟೋ ಇಳಿಸ್ಕೊಂಡೆ ಕಣೋ. ಇದ್ಯಾರೋ ದಪ್ಪ ಕನ್ನಡಕದೋಳು ಬಂದು ಕೂತಿದಾಳೆ! ಏನು ಒತ್ತಿದ್ಯೋ ಏನೋ. ನಮ್ಮಮ್ಮನ್ನ ಕಳ್ಸು.”

“ಇಲ್ಲ ಅಕ್ಕಾ. ಇನ್ನು ಬರಲ್ಲ. ಎಲ್ಲ ಪ್ರಯತ್ನ ಮಾಡಿ ಆಯ್ತು…”

ನನಗೂ ಬಾಯಿಪಾಠವಾಗಿದ್ದ ಮಾತು. ಅದರ ಕೊನೆಯ ತುಂಡು ಮಾತ್ರ ಈ ಸಲ ಹೊರಡಲಿಲ್ಲ.

“ನಿನ್ನ ಹತ್ರ ಭದ್ರ, ಫೋನಲ್ಲಿರೋದು ಅಳಿಸು ಅಂದೋನು ನೀನೇ ಅಲ್ವೇನೋ?”

“ಹೌದು.”

“ಇದ್ದದ್ದು ಅದೊಂದೇ ಕಣೋ.”

“ಗೊತ್ತು.”

ಅಕ್ಕ ಫೋನಿಟ್ಟಳು. ಆತ ಆರಿದ ಪರದೆಯನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂತ. ಮಂಡಿನೋವಿನ ಮಾತೆತ್ತುವ ಹೊತ್ತಲ್ಲ ಎಂಬಷ್ಟು ಬುದ್ಧಿ ನನಗಿತ್ತು, ಸುಮ್ಮನಿರುವಷ್ಟು ಇರಲಿಲ್ಲ.

“ಹೋಗ್ಲಿ ಬಿಡ್ರೀ,” ಎಂದೆ, “ಒಬ್ಬರ ಅಮ್ಮನಾದ್ರೂ ಉಳಿದ್ರಲ್ಲ. ಯಾರ್ರೀ ಆ ಪುಣ್ಯವಂತ?”

“ಡೈರೆಕ್ಟ್ರು,” ಎಂದ.