ನಲವತ್ತೆರಡನೆಯ ವಯಸ್ಸಿನ ಉರ್ದು ಎಂ.ಎ.

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಉರ್ದು ಎಂ.ಎ.ಗೆ ಹೆಸರು ಹಚ್ಚಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು.

"ಇದರಿಂದ ಏನ್ ಸಿಗ್ತದರೀ?"

"ಕುರ್ಚಿ," ಎಂದೆ.

ಆಗ ನಾನು ಕಮಲಾಪುರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮನೆ ಕಲಬುರ್ಗಿಯ ಸೇಡಂ ರಸ್ತೆಯಲ್ಲಿ. ವರ್ಷಗಟ್ಟಲೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಹೆಚ್ಚಾಗಿ ನಿಂತುಕೊಂಡೇ. ಕಲಬುರ್ಗಿಯಲ್ಲಿದ್ದ ನಮ್ಮ ಇಲಾಖೆಯ ದಫ್ತರಖಾನೆಯಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳ ಗಂಟುಗಳಿದ್ದವು. ಅವನ್ನು ಓದಿ ಕನ್ನಡದಲ್ಲಿ ಬರೆದುಕೊಡಲು ಇದ್ದವರು ಒಬ್ಬರೇ ಹಿರಿಯರು. ಕಿಟಕಿಯ ಪಕ್ಕ ಅವರ ಕುರ್ಚಿ, ನೆತ್ತಿಯ ಮೇಲೆ ಫ್ಯಾನು. ಅವರ ನಿವೃತ್ತಿಗೆ ಮೂರು ವರ್ಷವಿತ್ತು, ಎಂ.ಎ.ಗೆ ಬೇಕಾದದ್ದು ಎರಡು. ಅವರು ಏಳುತ್ತಾರೆ, ನಾನು ಕೂಡುತ್ತೇನೆ, ಕಮಲಾಪುರದ ಬಸ್ಸು ನನ್ನನ್ನು ಬಿಟ್ಟು ಹೋಗುತ್ತದೆ. ಇಷ್ಟು ಸರಳವಾದ ಉಪಾಯ ಬೇರೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ನಮ್ಮ ಮನೆಗೆ ಉರ್ದು ಹೊಸತಲ್ಲ. ಒಳಗೆ ಮರಾಠಿ, ಹೊರಗೆ ಕನ್ನಡ, ತಂದೆಯವರ ನೌಕರಿಯೆಲ್ಲ ಉರ್ದುವಿನಲ್ಲಿ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಅವರು ಉರ್ದು ಪತ್ರಿಕೆ ಹಿಡಿದು ಕೂಡುತ್ತಿದ್ದರು. ನಾನೂ ಬಿ.ಎ.ಯಲ್ಲಿ ಅದನ್ನೊಂದು ವಿಷಯವಾಗಿ ತೆಗೆದುಕೊಂಡಿದ್ದೆ. ಆದರೆ ಈಗ ನಮ್ಮ ರಸ್ತೆಯ ಮೂಲೆಮೂಲೆಗೂ ಕಂಪ್ಯೂಟರ್ ಕ್ಲಾಸಿನ ಬೋರ್ಡು ಬಂದಿತ್ತು. ಓಣಿಯವರು ನನ್ನ ಎದುರಿಗೇ ನಕ್ಕರು. ಬಸ್ಸಿನ ಕಂಡಕ್ಟರ್ ನನಗೆ ಶಾಯರ್ ಸಾಬ್ ಎಂದು ಹೆಸರಿಟ್ಟ.

"ಶಾಯರ್ ಸಾಬ್, ಒಳಗ ಸರೀರಿ. ಬಾಗಲ್ದಾಗ ನಿಂತ್ರ ಗಜಲ್ ಕೆಳಗ ಬೀಳ್ತಾವ."

ಬಸ್ಸೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಕುರ್ಚಿ ಸಿಗಲಿ, ಆಮೇಲೆ ನೋಡೋಣ ಎಂದುಕೊಂಡು.

ಓದು ಶುರುವಾದ ಮೇಲೆ ಗೊತ್ತಾಯಿತು, ಎಂ.ಎ.ಯಲ್ಲಿ ಕಲಿಸುವುದು ಗಜಲ್. ಪ್ರೇಯಸಿಯ ಗಲ್ಲಿಯಲ್ಲಿ ಅಲೆದು ಹಾಳಾದವರ ಸುದ್ದಿಯನ್ನೇ ಎರಡು ವರ್ಷ ಓದಿದೆ. ದಫ್ತರಖಾನೆಯ ಕಾಗದಗಳೋ ಶಿಕಸ್ತಾ ಎಂಬ ಅವಸರದ ಕೈಬರಹದವು. ಅದರಲ್ಲಿ ಬರೆಯುವವರು ಚುಕ್ಕೆಗಳನ್ನೇ ಇಡುವುದಿಲ್ಲ, ಅಕ್ಷರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅದನ್ನು ಕಲಿಯಲು ರವಿವಾರಕ್ಕೊಮ್ಮೆ ಕೋಟೆಯ ಹತ್ತಿರವಿದ್ದ ಆ ಹಿರಿಯರ ಮನೆಗೇ ಹೋದೆ. ತಮ್ಮ ಕುರ್ಚಿಯ ಮೇಲೆ ಕಣ್ಣಿಟ್ಟವನಿಗೆ ಅವರು ಚಹಾ ಕೊಟ್ಟು ಕಲಿಸಿದರು.

"ಚುಕ್ಕಿ ಹುಡುಕಬ್ಯಾಡ್ರಿ ರಾವ್ ಸಾಬ್," ಎನ್ನುತ್ತಿದ್ದರು. "ಬರ್ದಾಂವಗ ಏನ್ ಹೇಳೋದಿತ್ತು, ಅದು ಹುಡುಕ್ರಿ."

ಎರಡನೆಯ ದರ್ಜೆಯಲ್ಲಿ ಪಾಸಾದೆ. ಕಚೇರಿಯಲ್ಲಿ ಪೇಢೆ ಹಂಚಿದೆ. ಹಿರಿಯರು ನಿವೃತ್ತರಾದ ಮರುದಿನವೇ ಅರ್ಜಿ ಹಾಕಿದೆ. ಕೆಲ ತಿಂಗಳಿಗೆ ಉತ್ತರ ಬಂತು: ಉರ್ದು ಓದಬಲ್ಲವರು ಇಲಾಖೆಯಲ್ಲಿ ಯಾರೂ ಉಳಿದಿಲ್ಲವಾದ್ದರಿಂದ ಸದರಿ ಹುದ್ದೆಯನ್ನು ರದ್ದುಪಡಿಸಲಾಗಿದೆ, ತಮ್ಮ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ.

ಗಜಲ್ ಓದಿದವನ ಚಟ, ಒಳಾರ್ಥ ಸಿಕ್ಕೀತೆಂದು ಮೂರು ಸಲ ಓದಿದೆ. ಸಿಗಲಿಲ್ಲ. ಇಂದು ನಗುತ್ತ ಹೇಳುತ್ತಿದ್ದೇನೆ, ಅಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಹೆಂಡತಿ ಕುರ್ಚಿಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿರುತ್ತಿತ್ತು.

ಮತ್ತೆ ಅದೇ ಬಸ್ಸು. ಕಂಡಕ್ಟರ್ ಮಾತ್ರ ಹೊಸ ಪ್ರಶ್ನೆ ಹಿಡಿದಿದ್ದ. "ಶಾಯರ್ ಸಾಬ್, ಯಾರರೆ ನಿಮ್ಮ ಕೈಲೇ ಏನರೆ ಓದ್ಸಿದ್ರೇನ್ರಿ?"

"ಇನ್ನೂ ಇಲ್ಲಪ್ಪ," ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ರೈತನೊಬ್ಬ ಕಚೇರಿಗೆ ಬಂದ. "ನಮ್ಮ ಮುತ್ಯಾಗ ಸರಕಾರ ಮೆಚ್ಚಿ ಬರ್ದುಕೊಟ್ಟ ಸನದು ಅದರೀ ರಾಯರ, ಉರ್ದುದಾಗ. ಅವ್ವ ನಿಮ್ಮ ಕೈಲೇ ಓದಿಸ್ಬೇಕಂತಾಳ."

ನನ್ನ ಎದೆ ಎಷ್ಟು ಉಬ್ಬಿತೆಂದರೆ ಛತ್ರಿ ಮರೆತು ಹೊರಟೆ. ಅವರ ಮನೆಯ ದೇವರ ಜಗಲಿಯ ಮೇಲೆ, ಗಾಜಿನ ಕಟ್ಟು ಹಾಕಿಸಿದ ಒಂದು ಕಾಗದವಿತ್ತು. ಪ್ರತಿ ವರ್ಷ ಖಂಡೆ ಪೂಜೆಯ ದಿನ ಕುಡಗೋಲು, ಕುಂಟೆಗಳ ಜೊತೆ ಅದಕ್ಕೂ ಪೂಜೆಯಂತೆ. ಗಾಜಿನ ಮೇಲೆ ವಿಭೂತಿ, ಕುಂಕುಮ ಪದರುಗಟ್ಟಿತ್ತು. ರೈತನ ತಾಯಿ, ಹಣ್ಣು ಹಣ್ಣು ಮುದುಕಿ, ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಮಗ ಚಹಾ ಹೇಳಲು ಒಳಗೆ ಹೋದ.

ಶಿಕಸ್ತಾ. ಮೊದಲು ಒಂದಕ್ಷರವೂ ಹತ್ತಲಿಲ್ಲ, ಬೆವರು ಹತ್ತಿತು. ಬರೆದವನಿಗೆ ಏನು ಹೇಳುವುದಿತ್ತು ಎಂದು ಹುಡುಕುತ್ತ ಹೋದೆ. ನಿಧಾನಕ್ಕೆ ತಿಳಿಯಿತು. ಮುದುಕಿಯ ಮಾವ ಗುಮಾಸ್ತನ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಬೇಕಾದಷ್ಟು ಓದಿಲ್ಲವೆಂದು ಅರ್ಜಿ ನಾಮಂಜೂರಾಗಿದೆ. ಇಂಥದೇ ಕಾಗದ ನನ್ನ ಮನೆಯ ಕಪಾಟಿನಲ್ಲಿತ್ತು, ಪೂಜೆಯಿಲ್ಲದೆ.

"ಆಯೀ," ಎಂದು ಕಾಗದದಿಂದ ಕಣ್ಣೆತ್ತದೆ, ಓದುವವನಂತೆ ಶುರು ಮಾಡಿದೆ. "ಸರಕಾರದವರು ನಿಮ್ಮ ಮಾವನವರಿಗೆ ಭಾಳ ಗೌರವದಿಂದ ಬರದಾರ..."

"ನೌಕರಿ ಇಲ್ಲ ಅಂತ ಬರದಾರ ಬಿಡ್ರಿ ರಾಯರ," ಎಂದಳು ಮುದುಕಿ ಮೆಲ್ಲಗೆ. "ಮಾವ ನನಗ ಹೇಳಿದ್ರು. ಹುಡುಗ್ರು ಸನದು ಅಂತಾರ, ಅನ್ಲಿ. ಆ ಅರ್ಜಿ ತಮ್ಮ ಕೈಲೇ ಬರೀಬೇಕಂತ ಅವರು ಹೊಲದ ಕೆಲಸ ಮುಗಿಸಿ ವರ್ಷಾನಗಟ್ಲೆ ಉರ್ದು ಕಲ್ತಿದ್ರು. ನಾ ಅವರು ಕಲ್ತಿದ್ದಕ್ಕ ಪೂಜಿ ಮಾಡ್ತೀನಿ."

"ಗೊತ್ತಿದ್ದೂ ನನ್ನ ಯಾಕ ಕರಿಸಿದ್ರಿ ಆಯೀ?"

"ಮೊನ್ನಿ ಬಸ್ಸಿನ್ಯಾಗ ನಿಮ್ಮ ಹಿಂದ ಕುಂತಿದ್ದೆ. ಯಾರರೆ ಓದ್ಸಿದ್ರೇನಂತ ಕಂಡಕ್ಟರ್ ಕೇಳ್ದ, ಇನ್ನೂ ಇಲ್ಲ ಅಂದ್ರಿ. ನಮ್ಮನ್ಯಾಗೊಂದು ಕಾಗದ ಅದ, ಓದ್ಲಿ ಪಾಪ, ಅನಿಸ್ತು."

ಅಷ್ಟರಲ್ಲಿ ಮಗ ಚಹಾ ತಂದ. ನಾನು ಕಾಗದವನ್ನು ಎರಡೂ ಕೈಯಿಂದ ಜಗಲಿಯ ಮೇಲೆ ಇಟ್ಟು ಕೈ ಮುಗಿದೆ.

ಸಂಜೆಯ ಬಸ್ಸಿನಲ್ಲಿ, ಮುದುಕಿ ಕೊಟ್ಟ ಕೆಂಪು ಬಾಳೆಹಣ್ಣು ನಜ್ಜಾಗದಂತೆ ಎದೆಗೆ ಹಿಡಿದು ನಿಂತಿದ್ದೆ. ಕಂಡಕ್ಟರ್ ಎಂದಿನಂತೆ ಕೇಳಿದ.

"ಇವತ್ತ ಓದ್ಸಿದ್ರಪ್ಪ," ಎಂದೆ.

"ಹೌದಾ? ಏನಿತ್ತರೀ?"

"ಸನದು," ಎಂದೆ. ಹೇಳುವ ಮೊದಲು ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ಒಮ್ಮೆ ತಿರುಗಿ ನೋಡಿಕೊಂಡಿದ್ದೆ.