ನಿಮ್ಮ ದೂರು ದಾಖಲಾಗಿದೆ

ಮೊನ್ನೆ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಒಂದು ಫ್ಲೆಕ್ಸ್ ಕಂಡಿತು: ಕೆಲಸದ ಒತ್ತಡ ನಿವಾರಣಾ ಶಿಬಿರ. ಅದರಲ್ಲಿ ಹಲ್ಲು ಕಿರಿಯುತ್ತಿದ್ದ ಮನುಷ್ಯನನ್ನು ನೋಡಿದರೆ, ಆತ ಜೀವಮಾನದಲ್ಲಿ ಒಂದು ದಿನವೂ ಕೆಲಸ ಮಾಡಿದಂತಿರಲಿಲ್ಲ ಸ್ವಾಮಿ. ನನಗೆ ಶಿವಮ್ಮ ನೆನಪಾದಳು.

ನಾಗಮಂಗಲದ ಕಡೆ ನಾನು ಗುಮಾಸ್ತನಾಗಿದ್ದ ಕರೆಂಟ್ ಆಫೀಸಿನಲ್ಲಿ, ದೂರು ಕೇಳುವ ಫೋನು ಅವಳ ಮೇಜಿನ ಮೇಲಿತ್ತು. ಎಲ್ಲಿ ತಂತಿ ಹರಿದರೂ ಬೈಗುಳ ಬೀಳುತ್ತಿದ್ದದ್ದು ಅವಳ ಕಿವಿಗೆ. ನಾನು ದೊಡ್ಡ ಮನುಷ್ಯನಂತೆ, ತಲೆಗೆ ಹಚ್ಚಿಕೊಳ್ಳಬೇಡ ಎಂದು ಉಪದೇಶಿಸಿ ಟೀ ಕುಡಿಯಲು ಹೋಗುತ್ತಿದ್ದೆ. ಉಪದೇಶ ಮಾಡಿದರೆ ನನಗೆ ಯಾಕೋ ಬಾಯಾರುತ್ತದೆ.

ಒಂದು ದಿನ ಅವಳ ಅತ್ತೆ ಊಟಕ್ಕೆ ಕೂತು ಸಾರಿಗೆ ಉಪ್ಪಿಲ್ಲವೆಂದರಂತೆ. ಶಿವಮ್ಮ ತಲೆ ಎತ್ತದೆ, "ನಿಮ್ಮ ದೂರು ದಾಖಲಾಗಿದೆ, ದಯವಿಟ್ಟು ಸಹಕರಿಸಿ" ಎಂದಳಂತೆ. ಮರುದಿನ ಇದನ್ನು ಹೇಳುತ್ತ ನಕ್ಕಳು. ನಗು ನಿಲ್ಲದೆ ಅಳುವಾಯಿತು.

"ಈ ಕೆಲ್ಸ ಬುಟ್ಬುಡ್ತೀನಿ ಅಣ್ಣ. ಯಾರ್ ಏನಂದ್ರೂ ನಂಗೀಗ ಏನೂ ಅನ್ಸಾಕಿಲ್ಲ."

ನಾನು ಸಾಹೇಬರಿಗೆ ಹೇಳಿದೆ. ಅವರು ಮೈಸೂರಿನಿಂದ ಒಬ್ಬ ಉಪನ್ಯಾಸಕರನ್ನು ಕರೆಸಿದರು. ಆತ ಕಣ್ಣು ಮುಚ್ಚಿ ಉಸಿರೆಳೆಯಲು ಹೇಳಿದ. ನಾವು ಕಣ್ಣು ತೆರೆದಾಗ ಆತನೇ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಪಾಪ, ಅವತ್ತಿಗೆ ನಮ್ಮದು ಎಷ್ಟನೆಯ ಆಫೀಸೋ! ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಶಿವಮ್ಮ ಏಳಲಿಲ್ಲ. ಬಡಿತ ನಿಲ್ಲದ್ದರಿಂದ ಸಾಹೇಬರೇ ಎತ್ತಿದರು. ಕಬ್ಬಿಗೆ ನೀರು ಬಿಡಲಾಗದೆ ಕೆರಳಿದ್ದ ರೈತನ ದನಿ ನಮಗೂ ಕೇಳಿಸಿತು: "ಯಾವನ್ಲಾ ಅವ್ನು ನಿಮ್ ಸಾಯೇಬ?"

"ಅವರು ರಜೆಯಲ್ಲಿದ್ದಾರೆ" ಎಂದು ಸಾಹೇಬರು ಫೋನಿಟ್ಟರು.

ಮರುದಿನದಿಂದ ಫೋನಿಗೆ ಪಾಳಿ ಬಂತು. ಸಾಹೇಬರೂ ಸೇರಿ ಎಲ್ಲರೂ ಕೂರಬೇಕು. ನನ್ನ ಮೊದಲ ಪಾಳಿ ಮುಗಿಯುವಷ್ಟರಲ್ಲಿ ನನ್ನ ವಂಶದ ಬಗ್ಗೆ ನನಗೇ ಗೊತ್ತಿಲ್ಲದ ಎಷ್ಟೋ ವಿಷಯ ತಿಳಿಯಿತು. ಶಿವಮ್ಮ ರಜೆ ಹಾಕಿ ಕ್ಯಾತನಹಳ್ಳಿಯ ತವರಿಗೆ ಹೋಗಿ ಸುಮ್ಮನೆ ಮಲಗಿದಳು. ವಾಪಸು ಬಂದ ದಿನ ಯಾರೋ ಬೈದದ್ದಕ್ಕೆ, ಏನೂ ಅನ್ನಿಸುವುದಿಲ್ಲ ಎಂದಿದ್ದವಳಿಗೆ ಮೈಯೆಲ್ಲ ಉರಿಯುವಂಥ ಕೋಪ ಬಂತು. ಕೆಲಸ ಬಿಡುವ ಮಾತು ಮತ್ತೆ ಎತ್ತಲಿಲ್ಲ.

ಈಗ ಅವಳ ಮನೆ ಬೆಳಗೊಳದಲ್ಲಿ. ಫ್ಲೆಕ್ಸ್ ನೋಡಿದವನು ಹಾಗೇ ಅಲ್ಲಿಗೆ ಹೋದೆ. ಐದೇ ನಿಮಿಷ, ಈಗ ವರ್ಗವಾಗಿರುವ ಕೆ.ಆರ್. ಪೇಟೆಯ ಆಫೀಸಿನಲ್ಲಿ ನಾನಿಲ್ಲದಿದ್ದರೆ ಏನೂ ನಡೆಯುವುದಿಲ್ಲ ಎಂದು ಬಾಗಿಲಲ್ಲೇ ನಿಂತೆ.

"ಕೂತ್ಕಳಿ ಅಣ್ಣ" ಎಂದಳು. "ಕರೆಂಟು ಓಯ್ತದೆ, ಬತ್ತದೆ. ನಾವು ಓಗ್ಬುಟ್ರೆ ಬರಾಕಿಲ್ಲ."

ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಮುದ್ದೆ ಬಿಸಿಯಾಗಿತ್ತು.